ಕಂಡಕ್ಟರರ ಸ್ವೆಟರ್

ನೆಂಟರಿಷ್ಟರೆಲ್ಲ ಹೊರಟುಹೋದ ಮೇಲಿನ ಮೊದಲ ಸಾದಾ ಬೆಳಗ್ಗೆ ಅವಳು ಎಂದಿನಂತೆ ಹಲ್ಲುಜ್ಜಿದಳು, ಎಂದಿನಂತೆ ತಲೆ ಬಾಚಿಕೊಂಡಳು. ಗಂಡ ಸತ್ತ ಮೇಲೂ ಕೂದಲು ಸಿಕ್ಕಾಗುತ್ತದಲ್ಲ ಎಂದು ಸೋಜಿಗವಾಯಿತು. ಅಡುಗೆಮನೆಯಲ್ಲಿ ಅತ್ತೆ ಒಂದೊಂದೇ ಡಬ್ಬಿ ತೆರೆದು ಗೊಣಗುತ್ತಿದ್ದರು. ನೆರವಿಗೆ ಬಂದಿದ್ದವರು ಎಲ್ಲವನ್ನೂ ಅಚ್ಚುಕಟ್ಟಾಗಿ ಅದಲುಬದಲು ಮಾಡಿ ಹೋಗಿದ್ದರು.

"ಸಕ್ಕರೆ ಇದ್ದ ಕಡೆ ಉಪ್ಪು, ಉಪ್ಪಿದ್ದ ಕಡೆ ಸೋಪಿನ ಪುಡಿ. ಉಪಕಾರ ಮಾಡಿದ್ದಾರೆ ಪುಣ್ಯಾತ್ಗಿತ್ತಿಯರು! ಇವತ್ತೇ ಹೋಗ್ಬೇಕೇನೇ ಕೆಲಸಕ್ಕೆ?"

"ಮನೇಲಿ ಕೂತು ಏನ್ಮಾಡ್ಲಿ ಅತ್ತೆ?"

"ಅದೂ ಸರಿ ಅನ್ನು. ನಾನಾದ್ರೂ ಈ ಡಬ್ಬಿಗಳ ಜೊತೆ ಜಗಳ ಆಡ್ತೀನಿ."

ಅವಳು ಮನೋರೋಗಗಳ ಆಸ್ಪತ್ರೆಯಲ್ಲಿ ಮನಃಶಾಸ್ತ್ರಜ್ಞೆ. ರೋಗಿಗಳನ್ನು ಮಾತಾಡಿಸಿ, ಇದು ಇಂಥ ಕಾಯಿಲೆ, ಇದು ಕಾಯಿಲೆಯೇ ಅಲ್ಲ ಎಂದು ಬರೆದುಕೊಡುವುದು ಅವಳ ಕೆಲಸ. ಗಂಡ ಅಲ್ಲಿಯೇ ಗಂಡಸರ ವಾರ್ಡಿನ ಡಾಕ್ಟರಾಗಿದ್ದ. ಈಗ ಅವನ ಕುರ್ಚಿಯಲ್ಲಿ ಹೊಸಬರು. ಅವಳನ್ನು ಕಂಡವರೇ ಎದ್ದು ನಿಂತು, ಮತ್ತೆ ಕೂತರು.

"ನಿದ್ದೆ ಬರ್ತಿದೆಯಾ ಮೇಡಂ?"

"ಬರ್ತಿದೆ."

"ಊಟ ಸೇರುತ್ತಾ?"

"ಸೇರುತ್ತೆ."

"ಮೊದಲು ಇಷ್ಟ ಆಗ್ತಿದ್ದ ವಿಷಯಗಳಲ್ಲಿ..."

"ಡಾಕ್ಟ್ರೇ, ಮುಂದಿನ ಪ್ರಶ್ನೆ ನನಗೂ ಬಾಯಿಪಾಠ."

ಅವರು ನಾಲಿಗೆ ಕಚ್ಚಿಕೊಂಡರು. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವಷ್ಟು ಕಸುವೂ ಇರಲಿಲ್ಲ. ಆ ಪ್ರಶ್ನೆಗಳನ್ನೆಲ್ಲ ಅವಳೇ ತನಗೆ ಕೇಳಿಕೊಂಡಾಗಿತ್ತು. ಕಾಯಿಲೆ ಎನ್ನುವಂಥದ್ದೇನೂ ಹೊರಬಿದ್ದಿರಲಿಲ್ಲ. ಕಾಯಿಲೆಯಾಗಿದ್ದರೆ ಅದಕ್ಕೊಂದು ಹೆಸರಾದರೂ ಇರುತ್ತಿತ್ತು, ತೋರಿಸಲು ಒಬ್ಬರಾದರೂ ಇರುತ್ತಿದ್ದರು.

ಡಾಕ್ಟರು ಮಾತು ಬದಲಿಸಿದರು. "ಕಂಡಕ್ಟರ್ ವಿಷಯ ಸ್ವಲ್ಪ ನೋಡ್ಬೇಕಿತ್ತು."

ಕಂಡಕ್ಟರ್ ಎಂದರೆ ಹಿಂದೊಮ್ಮೆ ಬಸ್ಸಿನಲ್ಲಿ ದುಡಿದು, ಆಮೇಲೆ ಕಿವಿಯಲ್ಲಿ ದನಿಗಳು ಕೇಳತೊಡಗಿ ಆಸ್ಪತ್ರೆ ಸೇರಿದವರು. ದನಿಗಳು ನಿಂತು ಬಹಳ ಕಾಲವಾಗಿತ್ತು. ಈ ಶನಿವಾರ ತಂಗಿ ಬಂದು ಮನೆಗೆ ಕರೆದೊಯ್ಯಬೇಕಿತ್ತು.

"ಹೊಸ ಭ್ರಮೆ ಶುರುವಾಗಿದೆ. ಹಳೇ ಡಾಕ್ಟ್ರು ನನ್ನ ಸ್ವೆಟರ್ ಹಾಕ್ಕೊಂಡು ಹೋಗಿದ್ದಾರೆ, ತರಿಸಿಕೊಡಿ ಅಂತ ಒಂದೇ ಹಟ. ಡಾಕ್ಟ್ರು ತೀರಿಹೋದ್ರು ಅಂದ್ರೂ ಜಪ್ಪಯ್ಯ ಅನ್ನಲ್ಲ. ಬಿಡುಗಡೆ ತಡೀತೀನಿ, ಮಾತ್ರೆ ಹೆಚ್ಚಿಸ್ತೀನಿ. ನೀವೊಮ್ಮೆ ಮಾತಾಡಿ ಬರೆದುಕೊಡಿ."

ವಾರ್ಡಿನ ಕಿಟಕಿಯ ಬಳಿ ಕಂಡಕ್ಟರು ಎರಡು ಕೈಗಳನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದರು.

"ಬನ್ನಿ ಮೇಡಮ್ಮ, ಸೀಟಿದೆ. ಡಾಕ್ಟ್ರು ಹೋಗಿಬಿಟ್ರಂತೆ. ಒಳ್ಳೇವರು, ಬೇಗ ಇಳಿದುಬಿಟ್ರು."

"ಹೂಂ. ಸ್ವೆಟರ್ ವಿಷಯ ಏನು?"

"ಅವತ್ತು ರಾತ್ರಿ ಡ್ಯೂಟೀಲಿ ಗಡಗಡ ನಡುಗ್ತಿದ್ರು. ನಾನೇ ಬಿಚ್ಚಿಕೊಟ್ಟೆ, ನಾಳೆ ತರ್ತೀನಿ ಅಂದ್ರು. ಬೂದು ಬಣ್ಣದ್ದು, ಎಡ ಮೊಣಕೈಗೆ ಕೆಂಪು ತೇಪೆ. ತಂಗಿ ಹೆಣೆದಿದ್ದು. ಎಲ್ಲಿ ಕಳ್ಕೊಂಡೆ ಅಂತ ಕೇಳ್ತಾಳೆ, ಏನು ಹೇಳ್ಲಿ? ಚಿಲ್ಲರೆ ಆಮೇಲೆ ಕೊಡ್ತೀನಿ ಅಂತ ಟಿಕೆಟಿನ ಹಿಂದೆ ಬರೆದುಕೊಟ್ರೆ ಬಸ್ ತುಂಬ ಜನ ನನ್ನ ನಂಬ್ತಿದ್ರು. ಇಲ್ಲಿ ಒಂದು ಸ್ವೆಟರ್ ವಿಷಯಕ್ಕೂ ನಂಬಲ್ಲ."

ಬೂದು ಬಣ್ಣ, ಕೆಂಪು ತೇಪೆ. ಆ ಡ್ಯೂಟಿ ಮುಗಿಸಿದ ಬೆಳಗ್ಗೆ ಗಂಡ ಅದನ್ನು ತೊಟ್ಟೇ ಮನೆಗೆ ಬಂದಿದ್ದ. ಡ್ಯೂಟಿ ಕೋಣೆಯಲ್ಲಿ ಇಟ್ಟುಕೊಂಡ ಯಾವುದೋ ಹಳೆಯದಿರಬೇಕೆಂದು ಅವಳು ಕೇಳಿರಲಿಲ್ಲ. ಅದನ್ನು ಬಿಚ್ಚಿ ಕುರ್ಚಿಗೆ ಹಾಕಿ ಮಲಗಿದವನು ಏಳಲಿಲ್ಲ. ಬಂದವರು ಅವನ ಬಟ್ಟೆಬರೆಗಳನ್ನೆಲ್ಲ ಒಗೆದು ಮಡಚಿಟ್ಟಾಗ ಅವಳು ಇದೊಂದನ್ನು ಹಾಸಿಗೆಯಡಿ ಬಚ್ಚಿಟ್ಟಿದ್ದಳು. ಪ್ರತಿ ರಾತ್ರಿ ಅದರ ಕೊರಳಿನಲ್ಲಿ ಮುಖ ಹುದುಗಿಸಿದರೆ ಮಾತ್ರ ನಿದ್ದೆ.

"ನೋಡೋಣ," ಎಂದಷ್ಟೇ ಹೇಳಿ ಅವಳು ಎದ್ದುಬಂದಳು.

ತನ್ನ ಕೋಣೆಯಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಸುಳ್ಳು ನಂಬಿಕೆ, ಬಲವಾಗಿ ಹಿಡಿದದ್ದು, ಪುರಾವೆ ಕೊಟ್ಟರೂ ಬಿಡದ್ದು: ಭ್ರಮೆ ಎಂದರೆ ಇದು ಎಂದು ವಿದ್ಯಾರ್ಥಿಗಳಿಗೆ ಅವಳೇ ಪಾಠ ಹೇಳುತ್ತಿದ್ದಳು. ಬಲವಾಗಿ ಹಿಡಿದಿದ್ದಾರೆಯೇ ಎಂದು ಡಾಕ್ಟರು ನೋಡಿದ್ದರು, ಬಿಡುತ್ತಾರೆಯೇ ಎಂದೂ ನೋಡಿದ್ದರು. ಅದು ಸುಳ್ಳು ಹೌದೇ ಎಂದು ಮಾತ್ರ ಯಾರೂ ನೋಡಿರಲಿಲ್ಲ. ನೋಡಲು ಅವಳ ಮನೆಗೆ ಬರಬೇಕಿತ್ತು. ಭ್ರಮೆಯೆಂದು ಸುಮ್ಮನೆ ಒಂದು ಸಾಲು ಗೀಚಿದರೆ ಸ್ವೆಟರ್ ಅವಳದ್ದೇ, ಕಂಡಕ್ಟರು ಒಳಗೇ. ಅವಳು ಏನನ್ನೂ ಬರೆಯದೆ ಮನೆಗೆ ಹೋದಳು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

"ಹೊಸದೊಂದು ತಂದುಕೊಡೇ. ಬೂದು ಬಣ್ಣದ್ದೇ ಸಿಗುತ್ತೆ."

"ಹೊಸದು ಕೊಟ್ರೆ ಅದು ನನ್ನದಲ್ಲ ಅಂತಾರೆ. ಆಗ ನೋಡಿ, ಭ್ರಮೆ ಗಟ್ಟಿಯಾಯ್ತು ಅಂತ ಇನ್ನೊಂದು ಮಾತ್ರೆ."

ಅತ್ತೆ ಕೈ ಚಾಚಿದರು. "ಕೊಡು ಇಲ್ಲಿ." ಅವಳು ಹಾಸಿಗೆಯಡಿಯಿಂದ ತಂದ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು, ಆಮೇಲೆ ಮುಖಕ್ಕೊತ್ತಿಕೊಂಡರು. "ನನಗೊಂದು ಮಾತು ಹೇಳ್ಲಿಲ್ವಲ್ಲೇ, ಇದು ಇದೆ ಅಂತ."

ಒಂದೇ ಮನೆಯಲ್ಲಿ, ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು, ಒಬ್ಬೊಬ್ಬರೇ ರಾತ್ರಿ ಕಳೆದಿದ್ದರು.

"ಇನ್ನೊಬ್ಬರ ವಸ್ತು, ಒಗೆದು ಕೊಡ್ಬೇಕು," ಎಂದರು ಅತ್ತೆ, ಅದನ್ನು ತಿರುಗಿ ಕೊಡುತ್ತ.

ಅವಳೇ ಒಗೆದಳು. ಬಕೆಟ್ಟಿನ ನೀರು ಕಲಗಚ್ಚಿನಂತಾಯಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಹಿಂಡಬೇಡ್ವೇ, ಉಲ್ಲನ್ ಜಗ್ಗಿಹೋಗುತ್ತೆ. ಟವೆಲಲ್ಲಿ ಸುತ್ತಿ ಒತ್ತು," ಎಂದರು. ಒತ್ತಿದಳು. ಮೂಸಿ ನೋಡಿದಳು. ಸೋಪು.

ಮರುದಿನ ಬೆಳಗ್ಗೆಯೂ ಅದು ಒಣಗಿರಲಿಲ್ಲ. ಚೀಲದಲ್ಲಿ ಹಾಕಿಕೊಂಡು ಮೊದಲು ಡಾಕ್ಟರ ಕೋಣೆಗೆ ಹೋದಳು.

"ಭ್ರಮೆ ಅಲ್ಲ ಡಾಕ್ಟ್ರೇ. ಸ್ವೆಟರ್ ನಮ್ಮನೇಲೇ ಇತ್ತು. ನಿನ್ನೆಯೇ ಹೇಳ್ಬೇಕಿತ್ತು, ಹೇಳಲಾಗಲಿಲ್ಲ."

ಡಾಕ್ಟರು ಕೆಂಪು ತೇಪೆಯನ್ನು ಬೆರಳಿಂದ ಮುಟ್ಟಿದರು. "ನಿಮ್ಮನ್ನ ಒಂದು ಮಾತು ಕೇಳಬಹುದಿತ್ತು ನಾನು," ಎಂದರು. ಆಮೇಲೆ, "ಶನಿವಾರ ಹೋಗ್ಲಿ ಬಿಡಿ ಅವರು."

ಕಂಡಕ್ಟರು ಸ್ವೆಟರನ್ನು ತಿರುಗಿಸಿ ಮುರುಗಿಸಿ ನೋಡಿದರು. "ಒದ್ದೆ ಇದೆಯಲ್ಲ ಮೇಡಮ್ಮ?"

"ಒಗೆದೆ. ಒಣಗೋಕೆ ಹೊತ್ತು ಸಾಲಲಿಲ್ಲ."

"ಬೆಚ್ಚಗಿತ್ತಂತಾ ಅವರಿಗೆ?"

ಅವಳಿಗೆ ಗೊತ್ತಿರಲಿಲ್ಲ, ಅದನ್ನೂ ಅವಳು ಕೇಳಿರಲಿಲ್ಲ. "ಬೆಚ್ಚಗಿತ್ತು," ಎಂದಳು.

ಕಂಡಕ್ಟರು ಒಂದು ತೋಳು ತೂರಿಸಿದರು. ಇನ್ನೊಂದು ತೋಳು ಒದ್ದೆಗೆ ಅಂಟಿಕೊಂಡು ದಾರಿ ಬಿಡಲಿಲ್ಲ. ಅವಳು ಹಿಂದೆ ನಿಂತು ಅದನ್ನು ಬಿಡಿಸಿ, ಕೈ ಹೊರಬರುವವರೆಗೆ ಹಿಡಿದುಕೊಂಡಳು.