ಮುಂಬಾಗಿಲಿನ ರಿಜಿಸ್ಟರು

"ಹಾಳೆ ನಲವತ್ತೊಂದು," ಎಂದರು ಹಾಲ್ಡನ್, ಹಸಿರು ರಟ್ಟಿನ ಉದ್ದನೆಯ ಪುಸ್ತಕವನ್ನು ಮೇಜಿನ ಮೇಲಿಡುತ್ತ. "ವಕೀಲೆಯಮ್ಮಂಗೆ ಕೊಡೋಕೆ ಮುಂಚೆ ನೀನು ಅದನ್ನ ಓದ್ಬೇಕು ತಾಯೀ."

ಶೆರಿಲ್ ಡಕ್‌ವರ್ತ್ ಆಗಷ್ಟೇ ಬಿಸ್ಕತ್ತಿನ ಕಾರ್ಖಾನೆಯಿಂದ ಕಟ್ಟಡದ ಆರನೇ ನಂಬರಿನ ತನ್ನ ಮನೆಗೆ ಬಂದಿದ್ದಳು. ತಲೆಯ ನೀಲಿ ಬಲೆಯನ್ನು ತೆಗೆಯುವುದನ್ನೂ ಮರೆತಿದ್ದಳು. ಒಳಕೋಣೆಯಲ್ಲಿ ಎಂಟು ವರ್ಷದ ಮಗಳು ಮಾರ್ನಿ ಶಾಲೆಯ ಪ್ಲಾಸ್ಟಿಕ್ ಕೊಳಲನ್ನು ಊದುತ್ತಿದ್ದಳು. ಪ್ರತಿ ಸಲವೂ ಒಂದೇ ಸ್ವರಕ್ಕೆ ಬಂದಾಗ ಗಾಳಿ ಸುಯ್ಯೆಂದು ಸೋರಿಹೋಗುತ್ತಿತ್ತು. ಅವಳ ಬಲಗೈ ನಡುಬೆರಳಿನ ತುದಿ ಈಗ ಇರಲಿಲ್ಲ.

ಮೇಜಿನ ಮೇಲೆ ಒಂದು ಕಾಗದ ಬಿದ್ದಿತ್ತು. ಆ ಕಟ್ಟಡವೂ ಸೇರಿ ಹನ್ನೊಂದು ಬಾಡಿಗೆ ಕಟ್ಟಡಗಳ ಒಡೆತನವಿದ್ದ ಸಂಸ್ಥೆ ಬರೆದದ್ದು. 'ಮುಂಬಾಗಿಲಿನ ಬಗ್ಗೆ ಈ ಹಿಂದೆ ಯಾವುದೇ ದೂರು ಬಂದ ದಾಖಲೆ ನಮ್ಮಲ್ಲಿಲ್ಲ. ಮಕ್ಕಳ ಮೇಲೆ ನಿಗಾ ಇಡುವುದು ಪೋಷಕರ ಜವಾಬ್ದಾರಿ.' ದಾಖಲೆ ಇಲ್ಲ ಎನ್ನುವುದು ಎಷ್ಟು ಸಲೀಸು! ಫೋನು ಎತ್ತಿದವನು ಬರೆದುಕೊಳ್ಳದಿದ್ದರಾಯಿತು, ಬಡವರ ಬಾಯಿಂದ ಬಂದ ಮಾತು ಹುಟ್ಟಿಯೇ ಇರುವುದಿಲ್ಲ. ಕಬ್ಬಿಣದ ಬಾಗಿಲು ಮಗುವಿನ ಬೆರಳು ತಿಂದರೆ ಆ ತಪ್ಪು ಬಿಸ್ಕತ್ತು ಪ್ಯಾಕು ಮಾಡುವ ತಾಯಿಯದು.

ಆದರೆ ಹಾಲ್ಡನ್ ಬರೆದುಕೊಳ್ಳುತ್ತಿದ್ದರು. ನಲವತ್ತು ವರ್ಷ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತು, ಹೋದ ಬಂದ ಪ್ರತಿ ಗಾಡಿಯ ಗಳಿಗೆಯನ್ನೂ ರಿಜಿಸ್ಟರಿನಲ್ಲಿ ಬರೆದವರು. ನಿವೃತ್ತರಾದ ಮೇಲೆ ಗಾಡಿಗಳಿರಲಿಲ್ಲ. ಕಿಟಕಿಯ ಪಕ್ಕಕ್ಕೆ ಮುಂಬಾಗಿಲಿತ್ತು, ಅದನ್ನೇ ಬರೆಯತೊಡಗಿದರು. ಒಂದನೇ ಮನೆಯ ಈ ಮುದುಕನನ್ನು ಕಟ್ಟಡದವರೆಲ್ಲ 'ಠಾಣೆ' ಎಂದು ಕರೆಯುತ್ತಿದ್ದರು. ಆ ಹೆಸರು ಇಟ್ಟವಳೇ ಶೆರಿಲ್.

"ಟೀ ಕಾಯಿಸ್ಲಾ?" ಅಂದಳು.

"ನಾನೇ ಕಾಯಿಸ್ತೀನಿ. ನೀನು ಓದು."

ಅವರು ಅಡುಗೆಮನೆಗೆ ಹೋದರು. ಶೆರಿಲ್ ಹಾಳೆ ತಿರುವಿದಳು. ಅಚ್ಚಿನಂಥ ಅಕ್ಷರ.

'ಫೆಬ್ರವರಿ 9, ಶನಿವಾರ. 2.05. ಮನೆ ಆರರ ತಾಯಿ ಸೋಫಾ ಒಳಗೆ ತರಲು ಬಾಗಿಲಿಗೆ ಇಟ್ಟಿಗೆ ಅಡ್ಡ ಕೊಟ್ಟಿದ್ದಾರೆ. ಬಾಗಿಲು ನಿಲ್ಲದ್ದಕ್ಕೆ, ಅದನ್ನು ಮೆಲ್ಲಗೆ ಮುಚ್ಚಿಸುವ ಮೇಲಿನ ಸ್ಪ್ರಿಂಗಿನ ತೋಳನ್ನು ಸ್ಕ್ರೂಡ್ರೈವರಿನಿಂದ ಬಿಚ್ಚಿದ್ದಾರೆ. ಬೇಡ ಎಂದೆ. ಬೈದರು. 4.30. ತೋಳನ್ನು ತಾವೇ ವಾಪಸ್ ಹಾಕಿದ್ದಾರೆ.'

ಅವಳು ಪುಸ್ತಕವನ್ನು ಪಟ್ಟನೆ ಮುಚ್ಚಿದಳು.

ಏಪ್ರಿಲಿನಲ್ಲಿ ಮಗಳ ಬೆರಳು ಹೋದಾಗಿನಿಂದ ಅವಳೊಳಗೆ ಕೊರೆಯುತ್ತಿದ್ದದ್ದು ಇದೇ. ಆಸ್ಪತ್ರೆಯಲ್ಲಿ ಹೇಳಿರಲಿಲ್ಲ, ವಕೀಲೆಗೆ ಹೇಳಿರಲಿಲ್ಲ, ತನಗೆ ತಾನೇ ಸಹ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಆ ಸ್ಕ್ರೂಗಳನ್ನು ತಾನು ಸರಿಯಾಗಿ ಬಿಗಿದಿದ್ದೆನೇ? ಬಾಗಿಲು ಅಷ್ಟು ಜೋರಾಗಿ ಬಡಿದದ್ದು ತನ್ನ ಕೈಯಿಂದಲೇ ಆಯಿತೇ?

"ಇದು ಅವರ ಕೈಗೆ ಸಿಕ್ರೆ ನನ್ನ ಮೇಲೇ ಹಾಕ್ತಾರೆ," ಎಂದಳು ಅಡುಗೆಮನೆಯ ಕಡೆಗೆ. "ಮಗೂಗೆ ಬಿಡಿಗಾಸೂ ಬರಲ್ಲ."

"ಹಾಕೋಕೆ ನೋಡಬಹುದು."

"ನಿಮಗೆ ನನ್ನ ಮೇಲೆ ಸಿಟ್ಟು ಅಲ್ವಾ? ಠಾಣೆ ಅಂತಿದ್ದೆ ಅಂತ."

"ಠಾಣೆ ಅಂದ್ರೆ ಪರವಾಗಿಲ್ಲ. ಗೂಬೆ ಅಂದಿದ್ದೆ ನೋಡು, ಅದಕ್ಕೆ ಸ್ವಲ್ಪ ಬೇಜಾರಾಗಿತ್ತು." ಕೆಟಲಿನ ಸದ್ದು ಅಡಗಿತು. "ಕ್ಯಾಬಿನ್ನಲ್ಲಿ ತಪ್ಪು ಬರೆದ್ರೆ ನಾವು ಅಳಿಸ್ತಿರಲಿಲ್ಲ ತಾಯೀ, ಓದೋ ಹಾಗೆ ಒಂದು ಗೆರೆ ಎಳೀತಿದ್ವಿ. ಹಾಳೆ ಹರಿದ್ರಂತೂ ಕೆಲಸ ಹೋದ ಹಾಗೇ. ನಾನು ಯಾವತ್ತೂ ಹರಿದಿಲ್ಲ. ಆದ್ರೆ ಮಗು ನಿಂದು. ನಾನು ಸಕ್ಕರೆ ಹುಡುಕ್ತಾ ಇರ್ತೀನಿ."

ಸಕ್ಕರೆ ಡಬ್ಬಿ ಅವರ ಕಣ್ಣೆದುರಿಗೇ ಇತ್ತು.

ಶೆರಿಲ್ ಮತ್ತೆ ಪುಸ್ತಕ ತೆರೆದಳು. ಹಾಳೆಯ ಅಂಚು ಬೆರಳ ಸಂದಿಗೆ ಬಂತು. ಒಂದು ಎಳೆತ, ಅಷ್ಟೇ. ಮುಂದಿನ ಹಾಳೆಗಳು ತಾವಾಗಿ ಜಾರಿದವು, ಒಂದು ಕಂದು ಕಲೆಯ ಹತ್ತಿರ ನಿಂತವು.

'ಏಪ್ರಿಲ್ 3, ಬುಧವಾರ. 4.17. ಬಾಗಿಲು. ಮಗು, ಮನೆ ಆರು. ಬಲಗೈ. 4.19. ಆಂಬುಲೆನ್ಸಿಗೆ ಫೋನ್. 4.22. ಬೆರಳ ತುದಿ ಸಿಕ್ಕಿತು, ಫ್ರೀಜರಿನ ಬಟಾಣಿ ಚೀಲದಲ್ಲಿಟ್ಟೆ. 4.25. ಅಮ್ಮ ಎಲ್ಲಿ ಎಂದು ಕೇಳಿತು. ನಮಗಾಗಿ ಬಿಸ್ಕತ್ತು ಮಾಡುತ್ತಿದ್ದಾರೆ ಎಂದೆ. 4.31. ಯಾವ ಬಿಸ್ಕತ್ತು ಎಂದು ಕೇಳಿತು. 4.41. ಆಂಬುಲೆನ್ಸ್. ಅಲ್ಲಿಯವರೆಗೂ ಕೈ ಹಿಡಿದಿದ್ದೆ.'

ಕಲೆ ಎರಡು ಸಾಲುಗಳ ಮೇಲೆ ಹರಡಿತ್ತು. ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಬರೆದಿದ್ದರು. ಅಲ್ಲಿ ಮಾತ್ರ ಅಚ್ಚಿನಂಥ ಅಕ್ಷರ ಗೆರೆ ಬಿಟ್ಟು ಇಳಿದಿತ್ತು. ಆ ಇಪ್ಪತ್ತನಾಲ್ಕು ನಿಮಿಷಗಳಲ್ಲಿ ಮಗಳ ಕೈ ಹಿಡಿಯಲು ಯಾರೂ ಇರಲಿಲ್ಲವೆಂದೇ ಶೆರಿಲ್ ಇಷ್ಟು ದಿನ ತಿಳಿದಿದ್ದಳು.

ಹಾಲ್ಡನ್ ಎರಡು ಲೋಟ ಹಿಡಿದು ಬಂದಾಗ ಅವಳು ನೀಲಿ ಬಲೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು.

"ಸಕ್ಕರೆ ಸಿಕ್ತು," ಎಂದರು.

"ಪುಸ್ತಕ ಹೀಗೇ ಹೋಗ್ಲಿ," ಎಂದಳು. "ಪೂರ್ತಿ."

ವಕೀಲೆ ಮಿಸ್ ಪಿಲ್ಲಿಂಗ್ ವಾರವಿಡೀ ಪುಸ್ತಕವನ್ನು ಇಟ್ಟುಕೊಂಡಳು. ಶೆರಿಲ್ ಕಾರ್ಖಾನೆಯ ಬೆಲ್ಟಿನ ಮುಂದೆ ನಿಂತು ಒಡೆದ ಬಿಸ್ಕತ್ತುಗಳನ್ನು ಹಾಗೇ ಬಿಟ್ಟು ಎರಡು ಸಲ ಬೈಸಿಕೊಂಡಳು. ಎಂಟನೆಯ ದಿನ ಊಟದ ಹೊತ್ತಿಗೆ ಫೋನು ಬಂತು.

"ಹಾಳೆ ನಲವತ್ತೊಂದರ ವಿಷಯ," ಎಂದಳು ಮಿಸ್ ಪಿಲ್ಲಿಂಗ್.

"ಗೊತ್ತು. ನಾನೇ ಬಿಚ್ಚಿದ್ದು. ನಿಮಗೆ ಮೊದಲೇ ಹೇಳ್ಬೇಕಿತ್ತು."

"ಅದರ ಹಿಂಬದಿ ನೋಡಿಲ್ವಾ ನೀವು?"

"ಹಿಂಬದಿ?"

"ಕೇಳಿ. 'ಫೆಬ್ರವರಿ 10. ಬಾಗಿಲನ್ನು ಹತ್ತು ಸಲ ಗಡಿಯಾರ ಹಿಡಿದು ನೋಡಿದೆ. ಮುಚ್ಚಲು ಒಂದು ಸೆಕೆಂಡು. ಕಳೆದ ಅಕ್ಟೋಬರಿನಲ್ಲಿ ನೋಡಿದಾಗಲೂ ಒಂದೇ ಸೆಕೆಂಡು. ಮನೆ ಆರರವರಿಂದ ಏನೂ ಬದಲಾಗಿಲ್ಲ. ಸಂಸ್ಥೆಗೆ ಫೋನ್. ಎತ್ತಿದವರು ಗ್ಯಾವಿನ್. ನೋಡೋಣ ಎಂದರು.' ಇಂಥ ಒಂಬತ್ತು ಫೋನಿದೆ ಮಿಸೆಸ್ ಡಕ್‌ವರ್ತ್. ನಿಮ್ಮ ತಪ್ಪನ್ನೂ ಬರೆದಿರೋ ಪುಸ್ತಕ ಆದ್ದರಿಂದ ನಿಮಗೋಸ್ಕರ ಬರೆಸಿದ್ದು ಅಂತ ಅವರು ಅನ್ನೋ ಹಾಗೂ ಇಲ್ಲ. ಅವರ ವಿಮೆಯವರು ಇವತ್ತು ತಪ್ಪು ಒಪ್ಪಿಕೊಂಡ್ರು."

ಶೆರಿಲ್ ಹಿಟ್ಟಿನ ಚೀಲಗಳ ಮೇಲೆ ಕೂತುಬಿಟ್ಟಳು. ಪಕ್ಕದಲ್ಲಿದ್ದವಳು ಯಾರು ಹೋದರೆಂದು ಕೇಳಿದಳು. "ಯಾರೂ ಹೋಗಿಲ್ಲ ಕಣೇ," ಎಂದಳು ಶೆರಿಲ್. "ನಾನಲ್ಲ ಅಂತೆ. ನಾನಲ್ಲ."

ಮಗುವಿನ ಪರಿಹಾರವಾದ್ದರಿಂದ ನ್ಯಾಯಾಧೀಶರು ಬೆರಳನ್ನು ಕಣ್ಣಾರೆ ನೋಡಿ ಒಪ್ಪಬೇಕಿತ್ತು. ಜನವರಿಯಲ್ಲಿ ಮೂವರೂ ಪ್ರೆಸ್ಟನ್ನಿನ ಕೋರ್ಟಿಗೆ ರೈಲಿನಲ್ಲಿ ಹೋದರು. ಹಾಲ್ಡನ್ ಹಳೆಯ ರೈಲ್ವೆಯ ಟೈ ಕಟ್ಟಿದ್ದರು.

"ಹಿಂಬದೀಲಿ ಇದೆ ಅಂತ ಅವತ್ತೇ ಹೇಳ್ಬಾರ್ದಿತ್ತಾ?" ದಾರಿಯಲ್ಲಿ ಶೆರಿಲ್ ಗದರಿದಳು. "ಒಂದು ವಾರ ನನ್ನ ಜೀವ ಕೈಯಲ್ಲಿತ್ತು!"

"ಪೂರ್ತಿ ಓದ್ಲಿಲ್ವಾ ನೀನು?" ಹಾಲ್ಡನ್ ನಿಜಕ್ಕೂ ಬೆಚ್ಚಿದರು. "ಓದು ಅಂದಿದ್ನಲ್ಲ! ಓದಿಯೂ ಅಳ್ತಿದ್ದಾಳಲ್ಲ, ಯಾಕಪ್ಪಾ ಅಂದ್ಕೊಂಡಿದ್ದೆ."

ಮಾರ್ನಿ ನಕ್ಕ ನಗುವಿಗೆ ಎದುರು ಸೀಟಿನವರೂ ನಕ್ಕರು.

ನ್ಯಾಯಾಧೀಶೆ ಕನ್ನಡಕ ಸರಿಪಡಿಸಿಕೊಂಡು ಪುಟ್ಟ ಕೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡರು. "ಯಾವುದು ಕಷ್ಟ ಆಗುತ್ತೆ ಪುಟ್ಟಿ?"

"ಕೊಳಲಿನ ಒಂದು ತೂತು ಮುಚ್ಚಲ್ಲ. ಚಳೀಲಿ ನೋಯುತ್ತೆ. ಇನ್ನೆಲ್ಲ ಹಾಲ್ಡನ್ ತಾತ ಹೇಳಿಕೊಟ್ಟಿದ್ದಾರೆ. ಗುಂಡಿ ಹಾಕೋದು, ಪೆನ್ನು ಹಿಡಿಯೋದು."

ಹತ್ತೇ ನಿಮಿಷ. ಹಣ ಅವಳಿಗೆ ಹದಿನೆಂಟಾಗುವವರೆಗೆ ಕೋರ್ಟಿನಲ್ಲೇ ಇರುತ್ತದೆ ಎಂದರು. ಸಂಸ್ಥೆಯಿಂದ ಬಂದಿದ್ದವನು ವಿಷಾದ ಎಂಬ ಪದವನ್ನು ಕಾಗದ ನೋಡಿ ಓದಿದ. ಶೆರಿಲ್ ಅವನ ಮುಖ ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿ ಟೋಪಿ ಹಿಡಿದು ನೆಟ್ಟಗೆ ಕೂತವರನ್ನು ನೋಡುತ್ತಿದ್ದಳು. ಏನೋ ಹೇಳಬೇಕೆಂದು ಬೆಳಿಗ್ಗೆಯಿಂದ ಕೂಡಿಸಿಕೊಂಡಿದ್ದಳು. ಹೊರಗೆ ಬಂದಾಗ ಅವರ ಟೈ ಸರಿಮಾಡಿದಳು, ಅಷ್ಟೆ.

ಮನೆ ತಲುಪಿದಾಗ ಮುಂಬಾಗಿಲಿನ ಮೇಲೆ ಹೊಸ ಸ್ಪ್ರಿಂಗು ಹೊಳೆಯುತ್ತಿತ್ತು. ಹನ್ನೊಂದು ಕಟ್ಟಡಗಳಿಗೂ ಹಾಕುತ್ತಿದ್ದಾರೆಂದು ಸುದ್ದಿ. ಹಾಲ್ಡನ್ ಒಳಗೆ ಹೋಗಿ ಪುಸ್ತಕ ತಂದರು, ಜೇಬಿನಿಂದ ಗಡಿಯಾರ ತೆಗೆದರು.

"ಬಿಡು," ಎಂದರು.

ಮಾರ್ನಿ ಬಾಗಿಲನ್ನು ಪೂರ್ತಿ ತೆರೆದು ಕೈಬಿಟ್ಟಳು. ಮೂವರೂ ಉಸಿರು ಹಿಡಿದು ನಿಂತರು. ಬಾಗಿಲು ಮೆಲ್ಲಗೆ ಬಂತು, ಕೊನೆಯಲ್ಲಿ ಇನ್ನಷ್ಟು ಮೆಲ್ಲಗಾಯಿತು, ಸದ್ದಿಲ್ಲದೆ ಚೌಕಟ್ಟಿಗೆ ಸೇರಿತು.

"ಏಳು ಸೆಕೆಂಡು," ಎಂದು ಹಾಲ್ಡನ್ ಪೆನ್ನನ್ನು ಅವಳ ಕಡೆ ಚಾಚಿದರು.

ಮಾರ್ನಿ ಪುಸ್ತಕವನ್ನು ಮೆಟ್ಟಿಲ ಮೇಲಿಟ್ಟು ಮಂಡಿಯೂರಿದಳು. ಮೋಟುಬೆರಳಿನ ಮೇಲೆ ಪೆನ್ನನ್ನು ಒರಗಿಸಿ, ನಾಲಿಗೆ ಕಚ್ಚಿಕೊಂಡು, ಕೊನೆಯ ಸಾಲಿನ ಕೆಳಗೆ ದಪ್ಪಗೆ ಬರೆದಳು. ಆಮೇಲೆ ಶಾಯಿ ಆರಲೆಂದು ಅದರ ಮೇಲೆ ಊದಿದಳು.