ಹಿಂಬಾಗಿಲ ಹೆಬ್ಬೆರಳು

ಜ್ವರ ನೋಡುವ ಯಂತ್ರದ ಬ್ಯಾಟರಿಗೆ ಎರಡು ಕಪ್ ಚಹಾದ ದುಡ್ಡು. ತಲೆಯಿಂದ ಕಾಲಿನವರೆಗೆ ಮುಚ್ಚುವ ಬಿಳಿ ಉಡುಪಿಗೆ, ವಿಮಾನದಲ್ಲಿ ಮಾರುವ ತಣ್ಣನೆಯ ಊಟದ ಡಬ್ಬಿಯೊಂದರ ಬೆಲೆ. ವಿಮಾನವನ್ನು ನಾಲ್ಕು ಗಂಟೆ ಪಕ್ಕಕ್ಕೆ ನಿಲ್ಲಿಸಿ, ಔಷಧಿ ಹೊಡೆಸಿ, ಮತ್ತೆ ಹಾರಿಸುವುದಕ್ಕೆ ಹಿರಿಯ ಗಗನಸಖಿಯೊಬ್ಬಳ ಹದಿನಾಲ್ಕು ತಿಂಗಳ ಸಂಬಳ. ಈ ಮೂರನೆಯ ಲೆಕ್ಕ ವಿಮಾನ ಕಂಪನಿಯ ಮ್ಯಾನೇಜರಿಗೆ ಬಾಯಿಪಾಠವಾಗಿತ್ತು. ಮೊದಲಿನ ಎರಡನ್ನು ಅವನನ್ನು ಯಾರೂ ಕೇಳಿರಲಿಲ್ಲ.

"ನಾನು ನಿಮ್ಮ ಮೇಲೆ ತಪ್ಪು ಹೊರಿಸ್ತಿಲ್ಲ ಮೇಡಂ." ಅವನು ಮೇಜಿನ ಮೇಲಿದ್ದ ಹಾಳೆಯನ್ನು ಎದುರು ಕುಳಿತ ಹಿರಿಯ ಗಗನಸಖಿಯ ಕಡೆಗೆ ಸರಿಸಿದ. "ಆ ದಿನ ನೀವೇನು ಬರೆದಿದ್ರೋ ಅದನ್ನೇ ಇಲ್ಲಿ ಟೈಪ್ ಮಾಡ್ಸಿದೀನಿ. ಕೆಳಗೊಂದು ಸಹಿ ಹಾಕ್ಬಿಡಿ, ಮುಗೀತು."

ಹಾಳೆಯಲ್ಲಿ ಇದ್ದದ್ದು ಒಂದೇ ವಾಕ್ಯ. ವಿಮಾನದಲ್ಲಿ ರೋಗಲಕ್ಷಣವಿದ್ದ ಪ್ರಯಾಣಿಕರು ಯಾರೂ ಇರಲಿಲ್ಲ. ಅದರ ಹಿಂದೆ, ನೋಟ್‌ಬುಕ್ಕಿನಿಂದ ಹರಿದ ಗೆರೆಹಾಳೆಯೊಂದನ್ನು ಪಿನ್ನು ಹಾಕಿ ಸೇರಿಸಿದ್ದರು. ಅವಳು ಮೊದಲು ಅದನ್ನು ಓದಿದಳು.

'ನನ್ನ ತಾಯಿ ನಿಮ್ಮ ವಿಮಾನಗಳನ್ನು ಒರೆಸುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ನಾನು ಹಣ ಕೇಳುತ್ತಿಲ್ಲ. ಅವರು ಕಾಯಿಲೆ ಬೀಳುವ ಮುಂಚಿನ ವಾರ ಒರೆಸಿದ ವಿಮಾನಗಳಲ್ಲಿ ರೋಗಿ ಯಾರಾದರೂ ಇದ್ದರೇ? ಇದ್ದರೆ ಇದ್ದರು ಎಂದು ತಿಳಿಸಿ. ಇಲ್ಲದಿದ್ದರೆ ಆ ಕಾಯಿಲೆಯನ್ನು ಮನೆಗೆ ತಂದವಳು ನಾನೇ. ಆ ವಾರ ಬೇಡವೆಂದರೂ ಕೇಳದೆ ಗೆಳತಿಯ ಮನೆಗೆ ಹೋಗಿದ್ದೆ.'

"ಮನಸ್ಸಿಗೆ ಹಚ್ಕೋಬೇಡಿ," ಎಂದ ಮ್ಯಾನೇಜರು. "ಪಾಪ, ಚಿಕ್ಕ ಹುಡುಗಿ."

ಆ ಹುಡುಗಿಯ ತಾಯಿಯನ್ನು ನಿಲ್ದಾಣದಲ್ಲಿ ಎಲ್ಲರೂ ಬಾಲದಕ್ಕ ಎಂದೇ ಕರೆಯುತ್ತಿದ್ದರು. ಗುತ್ತಿಗೆಯ ಕೆಲಸದ ಆರು ಜನ ಹೆಂಗಸರಿಗೆ ಅವಳೇ ಮೇಸ್ತ್ರಿ. ವಿಮಾನದ ಬಾಲದ ಕಡೆಯ ಮೆಟ್ಟಿಲು ಹತ್ತಿ, ಹಿಂಬಾಗಿಲ ಹೊರಗೆ ಬಕೆಟ್ಟು ಹಿಡಿದು ನಿಂತು, ಎರಡು ಸಲ ತಟ್ಟುತ್ತಿದ್ದಳು. ಒಳಗಿದ್ದ ಗಗನಸಖಿ ಬಾಗಿಲ ಪುಟ್ಟ ಕಿಟಕಿಯಲ್ಲಿ ಹೆಬ್ಬೆರಳು ತೋರಿಸಬೇಕು. ಎಲ್ಲ ಸರಿಯಾಗಿದೆ, ತೆಗೆಯಬಹುದು ಎಂದು ಅರ್ಥ. ಸಾಂಕ್ರಾಮಿಕ ರೋಗ ಶುರುವಾದ ಮೇಲೆ ಅದಕ್ಕೆ ಇನ್ನೊಂದನ್ನು ತಾವೇ ಸೇರಿಸಿಕೊಂಡಿದ್ದರು. ಅಂಗೈ ತೋರಿಸಿದರೆ ಒಳಗೆ ಕಾಯಿಲೆಯವರಿದ್ದರು, ಬಿಳಿ ಉಡುಪು ಹಾಕಿಕೊಂಡು ಬನ್ನಿ ಎಂದು. ಯಾವ ಪುಸ್ತಕದಲ್ಲೂ ಇರದ ಈ ನಿಯಮವನ್ನು ಎಲ್ಲರೂ ಪುಸ್ತಕಕ್ಕಿಂತ ಹೆಚ್ಚು ನಂಬುತ್ತಿದ್ದರು.

ಬಾಗಿಲು ತೆರೆದ ಕೂಡಲೇ ಬಾಲದಕ್ಕನ ಬಾಯಿ ಶುರುವಾಗುತ್ತಿತ್ತು. "ಏನ್ ಮೇಡಂ, ಇವತ್ತೂ ಅರ್ಧ ಊಟ ಸೀಟಿನ ಜೇಬಲ್ಲೇ ಇದೆಯಲ್ಲ! ನಿಮ್ಮ ಅಡುಗೆ ಅಷ್ಟು ರುಚಿನಾ?"

"ನಾನು ಮಾಡಿದ್ರೆ ಅಷ್ಟೂ ತಿಂತಿರ್ಲಿಲ್ಲ ಬಿಡಿ."

ಇಬ್ಬರ ಪರಿಚಯ ಇಷ್ಟೇ. ಎಂಟು ವರ್ಷ, ದಿನಕ್ಕೆ ಎರಡು ಮಾತು, ಒಂದು ಹೆಬ್ಬೆರಳು.

ಆ ದಿನ ವಿಮಾನ ನಲವತ್ತು ನಿಮಿಷ ತಡವಾಗಿತ್ತು. ಹದಿನೆಂಟನೆಯ ಸಾಲಿನ ಮುದುಕರು ಹಾರಿದ ಹತ್ತು ನಿಮಿಷಕ್ಕೆ ಕಂಬಳಿ ಕೇಳಿದರು, ಆಮೇಲೆ ಇನ್ನೊಂದು. ಅವಳು ಕೈಗವಸಿನಲ್ಲೇ ಹಣೆ ಮುಟ್ಟಿ ನೋಡಿದಳು. ಗವಸಿನ ಮೂಲಕವೂ ಸುಡುತ್ತಿತ್ತು. ಇಂಥವರಿಗೆಂದೇ ಖಾಲಿ ಬಿಟ್ಟಿದ್ದ ಕಡೆಯ ಸಾಲಿಗೆ ಕರೆದೊಯ್ದು ಕೂರಿಸಿದಳು.

"ಬರೀ ನೆಗಡಿ ಮಗಳೇ," ಎಂದರು ಮುದುಕರು. "ಹಿಡಿದು ಕೂಡಿಹಾಕ್ಬೇಡ್ರಮ್ಮ. ನಮ್ಮ ಮನೆಯವಳು ಬಾಗಿಲಲ್ಲೇ ಕಾಯ್ತಿರ್ತಾಳೆ."

ಜ್ವರದ ಯಂತ್ರ ತೆಗೆದರೆ ಅದರಲ್ಲಿ ಅಂಕಿಯೇ ಮೂಡಲಿಲ್ಲ. ಬ್ಯಾಟರಿ ಸತ್ತು ವಾರವಾಗಿತ್ತು. ಹೊಸದು ಬೇಕೆಂದು ಎರಡು ಸಲ ಬರೆದುಕೊಟ್ಟದ್ದೂ ಅವಳೇ. ಕ್ಯಾಪ್ಟನ್ನಿಗೆ ಒಳಫೋನಿನಲ್ಲಿ ಹೇಳಿದಳು.

"ಎಷ್ಟಿದೆ ಜ್ವರ?" ಎಂದು ಅವರು ಕೇಳಿದರು.

"ಯಂತ್ರ ಕೆಲ್ಸ ಮಾಡ್ತಿಲ್ಲ ಸರ್. ಮೈ ಸುಡ್ತಿದೆ."

"ಅಂಕಿ ಇಲ್ದೆ ಜ್ವರ ಅಂತ ನಾನು ಕೆಳಗೆ ಹೇಗೆ ಹೇಳ್ಲಿ? ನೀವು ಖಾತ್ರಿಯಾಗಿ ಬರ್ಕೊಡ್ತೀರಾದ್ರೆ ಇಳಿದ ಮೇಲೆ ವಿಮಾನ ನಿಲ್ಲಿಸೋಣ. ನಿಮ್ಮಿಷ್ಟ."

ಅವಳ ಇಷ್ಟ. ಕಾರಣವಿಲ್ಲದೆ ವಿಮಾನ ನಿಲ್ಲಿಸಿದವರು ಖುದ್ದಾಗಿ ಬಂದು ಉತ್ತರ ಹೇಳಬೇಕೆಂದು ಅವತ್ತು ಬೆಳಿಗ್ಗೆಯೇ ಮ್ಯಾನೇಜರು ಎಲ್ಲರ ಫೋನಿಗೂ ಸಂದೇಶ ಕಳಿಸಿದ್ದ. ತಿಂಗಳ ಹಿಂದೆ ಹಾಗೆ ನಿಲ್ಲಿಸಿದ್ದ ಕಿರಿಯ ಹುಡುಗಿ ಈಗ ಕೆಲಸ ಕಳೆದುಕೊಂಡು ಮನೆಯಲ್ಲಿದ್ದಳು. ಇವಳು ಪೆನ್ನು ತೆಗೆದು, ರೋಗಲಕ್ಷಣದ ವರದಿಯ ಹಾಳೆಯಲ್ಲಿ 'ಯಾರೂ ಇಲ್ಲ' ಎಂದು ಬರೆದಳು.

ಮುದುಕರು ಎಲ್ಲರಿಗಿಂತ ಕೊನೆಗೆ, ಸೀಟುಗಳ ಬೆನ್ನು ಹಿಡಿದುಕೊಂಡು, ಮುಂಬಾಗಿಲಿನಿಂದ ಇಳಿದು ಹೋದರು. ಆಗ ಹಿಂದೆ ಎರಡು ಸಲ ತಟ್ಟಿದ ಸದ್ದು. ಪುಟ್ಟ ಕಿಟಕಿಯಲ್ಲಿ ಬಾಲದಕ್ಕನ ಮುಖವಿತ್ತು, ಮಾಸ್ಕಿನ ಮೇಲೆ ಎರಡು ಕಣ್ಣು. ಬರೆದದ್ದು ಏನೇ ಇರಲಿ, ಅಂಗೈ ತೋರಿಸಬಹುದಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಅಂಗೈ ತೋರಿಸಿದರೆ ಬಾಲದಕ್ಕ ಉಡುಪು ತರಲು ಗುತ್ತಿಗೆಯವರ ಕಚೇರಿಗೆ ಹೋಗುತ್ತಾಳೆ, ಅವರು ಯಾಕೆಂದು ಕೇಳುತ್ತಾರೆ, ಬರೆದದ್ದು ಸುಳ್ಳೆಂದು ಬಯಲಾಗುತ್ತದೆ. ಅವಳು ಹೆಬ್ಬೆರಳು ಎತ್ತಿದಳು.

"ಇವತ್ತು ಕಡೇ ಸಾಲಿಂದ್ಲೇ ಶುರು ಮಾಡ್ತೀನಿ," ಎಂದು ಬಾಲದಕ್ಕ ಒಳಗೆ ಬಂದಳು. "ಅಯ್ಯೋ, ಕಂಬಳಿ ಇನ್ನೂ ಬೆಚ್ಚಗಿದೆ!" ಎರಡೂ ಕಂಬಳಿಗಳನ್ನು ಎದೆಗವಚಿಕೊಂಡು ಮಡಚಿದಳು.

ಒಂಬತ್ತನೆಯ ದಿನ ಆರೋಗ್ಯ ಇಲಾಖೆಯ ಪತ್ರ ಬಂತು. ಮುದುಕರು ಅದೇ ರೋಗದಿಂದ ಆಸ್ಪತ್ರೆಯಲ್ಲಿದ್ದರು. ಕಂಪನಿ ತನ್ನ ಸಿಬ್ಬಂದಿಯನ್ನೆಲ್ಲ ಪರೀಕ್ಷೆ ಮಾಡಿಸಿ ಮನೆಯಲ್ಲಿರಿಸಿತು. ಗುತ್ತಿಗೆಯ ಹೆಂಗಸರು ಕಂಪನಿಯ ಸಿಬ್ಬಂದಿಯಲ್ಲವಾದ್ದರಿಂದ ಆ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅವಳಾದರೂ ಅವರಿಗೆ ಒಂದು ಮಾತು ತಿಳಿಸಬಹುದಿತ್ತು. ಎಂಟು ವರ್ಷದಲ್ಲಿ ಬಾಲದಕ್ಕನ ಫೋನ್ ನಂಬರು ಕೇಳಿಟ್ಟುಕೊಂಡಿರಲಿಲ್ಲ. ಯಾರನ್ನಾದರೂ ಕೇಳಿ ಪಡೆಯಲು ಹೋಗಲೂ ಇಲ್ಲ.

"ಪೆನ್ನು ಕೊಡ್ಲಾ?" ಎಂದ ಮ್ಯಾನೇಜರು.

ಅವಳು ಗೆರೆಹಾಳೆಯನ್ನು ಪಿನ್ನಿನಿಂದ ಬಿಡಿಸಿ ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡಳು. "ಇದಕ್ಕೆ ಉತ್ತರ ನಾನೇ ಕೊಟ್ಟು ಬರ್ತೀನಿ."

"ಮೇಡಂ, ಯೋಚನೆ ಮಾಡಿ. ಹತ್ತೊಂಬತ್ತು ವರ್ಷದ ಸರ್ವಿಸು."

"ಅದನ್ನೇ ಯೋಚನೆ ಮಾಡಿದ್ದು ಅವತ್ತು."

ಮಾರನೆಯ ದಿನ ಮಧ್ಯಾಹ್ನ ಅವಳು ಹುಡುಕಿಕೊಂಡು ಹೋದ ಮನೆ, ಸಾಲುಮನೆಗಳ ಎರಡನೆಯ ಮಹಡಿಯಲ್ಲಿತ್ತು. ಹೊರಗಿನ ಮೆಟ್ಟಿಲ ಮೇಲೆ ಹದಿನಾರು ಹದಿನೇಳರ ಹುಡುಗಿಯೊಬ್ಬಳು ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಒಬ್ಬಳೇ ಊಟ ಮಾಡುತ್ತಿದ್ದಳು. ಬಾಲದಕ್ಕನದೇ ಕಣ್ಣು. ಸಮವಸ್ತ್ರ ಇಲ್ಲದಿದ್ದರೂ ಗುರುತು ಹೇಳಿಕೊಂಡ ಕೂಡಲೇ ಹುಡುಗಿ ಎದ್ದು ನಿಂತಳು.

"ನೀವೇನಾ ಹೆಬ್ಬೆರಳು ಮೇಡಂ?" ಅವಳ ಮುಖ ಸ್ವಲ್ಪ ಅರಳಿತು. "ಅಮ್ಮ ದಿನಾ ಹೇಳೋರು. ಬೇರೆಯವರಾದ್ರೆ ನಂಬಕ್ಕಾಗಲ್ಲ, ಆ ಮೇಡಂ ಬೆರಳು ತೋರಿಸಿದ್ರೆ ಕಣ್ಮುಚ್ಕೊಂಡು ಹೋಗ್ಬಹುದು ಅಂತ."

ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅವಳಿಗೆ ಅಲ್ಲೇ ಮರೆತುಹೋದವು.

"ಇಲ್ಯಾಕಮ್ಮ ಕೂತಿದೀಯ?" ಎಂದು ಮಾತ್ರ ಕೇಳಿದಳು.

"ಅಜ್ಜಿ ಒಳಗೆ ಊಟ ಮಾಡ್ತಾರೆ. ನಾನು ಇಲ್ಲಿ." ಹುಡುಗಿ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆದಳು. "ಅಮ್ಮ ಹೋದಾಗಿಂದ ನನ್ನ ಹತ್ರ ಮಾತಾಡಿಲ್ಲ. ಅಮ್ಮ ಅವರ ಮಗಳಲ್ವಾ. ನಾನೇ ತಿಂದ್ಕೊಂಡೆ ಅಂತ ಬೇರೆಯವರ ಹತ್ರ ಹೇಳ್ತಾರೆ."

ಅವಳು ಮೆಟ್ಟಿಲ ಮೇಲೆ ಕುಳಿತೇ ಹೇಳಿದಳು. ಮುದುಕರ ಹಣೆ, ಬ್ಯಾಟರಿ, ಬರೆದ ಎರಡು ಪದ, ಎತ್ತಿದ ಬೆರಳು, ಬೆಚ್ಚಗಿದ್ದ ಕಂಬಳಿ. ಯಾವುದನ್ನೂ ಬಿಡಲಿಲ್ಲ. ಕ್ಯಾಪ್ಟನ್ನಿನ ಮೇಲೂ ಮ್ಯಾನೇಜರ ಮೇಲೂ ಹೊರಿಸಲಿಲ್ಲ. ಹುಡುಗಿ ಅಳಲಿಲ್ಲ. ಅರಳಿದ್ದ ಮುಖ ಮಾತ್ರ ಮತ್ತೆ ಮುದುಡಿಕೊಂಡಿತು.

"ಇದನ್ನ ಅಜ್ಜಿಗೆ ಹೇಳಿ," ಎಂದಳು.

"ಹೇಳ್ತೀನಿ."

"ಅವರಿಗೆ ಕಿವಿ ಕೇಳ್ಸಲ್ಲ. ಕೂಗಿ ಹೇಳ್ಬೇಕು."

ಅಜ್ಜಿ ಒಳಗೆ ಗೋಡೆಗೊರಗಿ ಕುಳಿತಿದ್ದರು. ಅವಳು ಹತ್ತಿರ ಹೋಗಿ ಬಗ್ಗಿ ಹೇಳಿದಳು. "ಏನು?" ಎಂದರು ಅಜ್ಜಿ. ಇನ್ನೂ ಜೋರಾಗಿ ಹೇಳಿದಳು. "ಯಾರು? ಏನಂತೆ?" ಅವಳು ಗಂಟಲು ಹರಿಯುವಂತೆ ಕೂಗಿದಳು.

"ನಿಮ್ಮ ಮಗಳಿಗೆ ಕಾಯಿಲೆ ನಮ್ಮ ವಿಮಾನದಲ್ಲೇ ಅಂಟಿದ್ದು! ರೋಗಿ ಇದ್ರು ಅಂತ ನಂಗೊತ್ತಿತ್ತು! ಕೆಲ್ಸ ಹೋಗತ್ತೆ ಅಂತ ಹೆದ್ರಿ ನಾನು ಹೇಳ್ಲಿಲ್ಲ! ಈ ಮಗು ತಂದಿದ್ದಲ್ಲ! ನಾನೇ ಒಳಗೆ ಬಿಟ್ಟಿದ್ದು!"

ಪಕ್ಕದ ಮನೆಯಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತು. ಎದುರಿನ ಕಿಟಕಿಯಲ್ಲಿ ಯಾರೋ ಬಂದು ನಿಂತರು.

ಅಜ್ಜಿ ತಲೆಯೆತ್ತಿ ಅವಳನ್ನು ನೋಡಿದರು. ಹೊಡೆಯುತ್ತಾರೆಂದು ಅವಳು ಕಾದಳು, ಹೊಡೆದಿದ್ದರೆ ಚೆನ್ನಾಗಿತ್ತು. ಅಜ್ಜಿ ಕಣ್ಣು ತಿರುಗಿಸಿ ಬಾಗಿಲ ಬಳಿ ನಿಂತಿದ್ದ ಮೊಮ್ಮಗಳನ್ನು ನೋಡಿದರು.

"ಇವಳಲ್ವಂತಾ?"

"ಇವಳಲ್ಲ!" ಎಂದು ಅವಳು ಮತ್ತೆ ಕೂಗಿದಳು.

ಅಜ್ಜಿ ಪಕ್ಕದ ನೆಲವನ್ನು ಅಂಗೈಯಿಂದ ಒರೆಸಿದರು. "ತಟ್ಟೆ ಒಳಗೆ ತಗೊಂಬಾ," ಎಂದು ಹುಡುಗಿಗೆ ಹೇಳಿದರು. "ತಣ್ಣಗಾಗಿರತ್ತೆ."

ಬಂದವಳಿಗೆ ಯಾರೂ ಕೂತುಕೊಳ್ಳಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಅವಳು ಮೆಟ್ಟಿಲಿಳಿಯುವಾಗ ಹಿಂದೆ ಬಾಗಿಲು ಹಾಕಿಕೊಂಡಿತು.

ಆ ಹಾಳೆಗೆ ಅವಳು ಸಹಿ ಹಾಕಲಿಲ್ಲ; ಹನ್ನೊಂದು ದಿನಕ್ಕೆ ಹತ್ತೊಂಬತ್ತು ವರ್ಷದ ಕೆಲಸ ಹೋಯಿತು. ಬಾಲದಕ್ಕ ಹೋಗಿಯೇ ಬಿಟ್ಟಿದ್ದಳು. ಮೆಟ್ಟಿಲ ಮೇಲಿದ್ದ ಒಂದು ತಟ್ಟೆ ಒಳಗೆ ಬಂತು.