ಜಿದ್ದಾದ ಕಾಗದ, ದೇಶನೂರಿನ ಹಸಿರು ಬಳೆ

ಒಂದಾನೊಂದು ಕಾಲದಲ್ಲಿ, ಅಜ್ಜಿಯರ ಅಜ್ಜಿಯರು ಲಂಗ ಉಟ್ಟು ಕುಂಟೆಬಿಲ್ಲೆ ಆಡುತ್ತಿದ್ದಾಗ, ದೇಶನೂರಿನ ಗದ್ದೆಬದುವಿನ ಮೇಲೆ ಗೆಜ್ಜೆಯ ಸದ್ದು ಕೇಳಿದರೆ ಸಾಕು, ಒಲೆ ಮುಂದಿದ್ದವರೂ ಎದ್ದು ಬಾಗಿಲಿಗೆ ಬರುತ್ತಿದ್ದರು. ಅದು ಸಿರುಗುಪ್ಪದಿಂದ ಟಪಾಲು ಹೊತ್ತು ತರುವ ಗಾಳೆಪ್ಪನ ಕೋಲಿನ ಗೆಜ್ಜೆ.

ಆ ವರ್ಷ ಎಲ್ಲರಿಗಿಂತ ಮೊದಲು ಬಾಗಿಲಿಗೆ ಬರುತ್ತಿದ್ದವಳು ಸರ್ವರಬಿ. ಅವಳ ಗಂಡ ನಬೀಸಾಬ ಹಜ್‌ಗೆ ಹೊರಟಾಗ, ಜಿದ್ದಾ ಮುಟ್ಟಿದ ಕೂಡಲೇ ಕಾಗದ ಹಾಕುತ್ತೇನೆ ಅಂದಿದ್ದ. ಕುರುಗೋಡಿನ ಬಳೆಗಾರ್ತಿ ಹೊನ್ನೂರಮ್ಮ ಅಂದು ಅಲ್ಲೇ ಇದ್ದಳು. ಕಾಗದ ಬಂದ ದಿನ ನಿನ್ನ ಕೈತುಂಬ ಹಸಿರು ಬಳೆ ಇಡುವವಳು ನಾನೇ ಎಂದು ಸರ್ವರಬಿಗೆ ಮಾತು ಕೊಟ್ಟಿದ್ದಳು.

ಆರು ತಿಂಗಳಾದರೂ ಕಾಗದವಿಲ್ಲ. ಜಿದ್ದಾಕ್ಕೆ ಹೊರಟ ಹಡಗೊಂದು ಮುಳುಗಿತಂತೆ ಎಂಬ ಸುದ್ದಿ ಮಾತ್ರ ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಹಬ್ಬಿತು. ಅತ್ತೆ ಮದಾರಬೀ ಅತ್ತು ಅತ್ತು ಸಾಕಾಗಿ, ಬರುವ ಶುಕ್ರವಾರ ಸೊಸೆಯ ಬಳೆ ತೆಗೆಯಲು ಬಾ ಎಂದು ಹೊನ್ನೂರಮ್ಮನಿಗೇ ಹೇಳಿಕಳಿಸಿದಳು.

ಇಡುತ್ತೇನೆಂದ ಕೈಯಿಂದಲೇ ತೆಗೆಯುವುದು ಹೇಗೆ? ಆ ಶುಕ್ರವಾರ ಕಾಲುವೆದಂಡೆಯ ಬೇವಿನಡಿ ಹೊನ್ನೂರಮ್ಮನ ಕಾಲುಗಳು ಮುಂದೆ ಹೋಗದೆ ನಿಂತವು. ಅಲ್ಲೇ ಗಾಳೆಪ್ಪ ಚೀಲ ಇಳಿಸಿ ಕೂತಿದ್ದ. ಪಕ್ಕಕ್ಕೆ ತೆಗೆದಿಟ್ಟಿದ್ದ ಲಕೋಟೆಯೊಂದನ್ನು ಅವಳಿಗೆ ತೋರಿಸಿದ.

"ನೋಡಕ್ಕ, ಲಕೋಟಿಗೆ ಹಚ್ಚಿದ ಟಪಾಲು ಚೀಟಿ ಮ್ಯಾಲ ನಮ್ಮ ರಾಣಿ ಮುಖ ಇಲ್ಲ, ಚಂದ್ರ ಐತಿ. ರೊಕ್ಕ ತಗೊಂಡಾಂವ ತುರ್ಕರ ಸುಲ್ತಾನ, ಕಾಲು ನೋಯಿಸ್ಕೊಳ್ಳಾಂವ ನಾನು. ನಾಳಿ ತಿರುಗಿ ಒಯ್ದು ಒಗೀತೀನಿ."

ಜಿದ್ದಾ ಆಗ ಆ ಸುಲ್ತಾನನ ಕೈಯಲ್ಲೇ ಇತ್ತು; ನಬೀಸಾಬನ ಕಾಗದವೇ ಇರಬಹುದೆಂದು ಹೊನ್ನೂರಮ್ಮ ಲಕೋಟೆಯತ್ತ ಬಾಗಿದಳು. ಯಾರ ಹೆಸರಿದೆಯೋ, ಇಬ್ಬರಿಗೂ ಓದು ಬಾರದು. ಊರಿನಲ್ಲಿ ಹೆಸರು ಓದಿ ಹೇಳುವವನು ಚಾಂದಸಾಬ. ಅವಳು ಆಸೆಯನ್ನು ನುಂಗಿಕೊಂಡು, ಬ್ರೂಸ್‌ಪೇಟೆಯ ಟಪಾಲು ಗುಮಾಸ್ತ ಹೇಳಿದ್ದನ್ನು ಹೇಳಿದಳು. ಹತ್ತಾರು ದೇಶದವರು ಒಂದು ಕಡೆ ಕೂತು ಒಪ್ಪಂದ ಬರೆದಿದ್ದಾರೆ. ಒಬ್ಬರ ಕಾಗದವನ್ನು ಇನ್ನೊಬ್ಬರು ಬಾಗಿಲವರೆಗೆ ಮುಟ್ಟಿಸಬೇಕು. ನಮ್ಮ ದೇಶವೂ ಅದಕ್ಕೆ ಸೇರಿ ಏಳೆಂಟು ವರ್ಷವಾಯಿತು.

"ಬರದ್ರ ಬರೀಲಿ. ನಾ ಕೊಡ್ಲಿಲ್ಲಂದ್ರ ಸುಲ್ತಾನ ಬಂದು ನನ್ನ ಕಿವಿ ಹಿಂಡ್ತಾನೇನು?"

"ಸುಲ್ತಾನನ್ನ ಬಿಡು. ನಿನ್ನ ಗದ್ದಿ ಕಾಲುವಿ ಬಾಲದಾಗ ಐತಿ. ನಿನ್ನ ಪಾಳಿ ದಿನ ಮ್ಯಾಲಿನ ಗದ್ದಿ ಸಾವ್ಕಾರ ಉಚ್ಚೆಂಗೆಪ್ಪ ತನ್ನ ತೂಬು ತಾನ ಮುಚ್ಚತಾನ. ನೀ ಯಾವತ್ತರ ಅವನ ಕಿವಿ ಹಿಂಡಿದ್ಯಾ?"

ಗಾಳೆಪ್ಪ ನಕ್ಕ. ಉಚ್ಚೆಂಗೆಪ್ಪನ ಕಿವಿ ಅವನಂಥವನ ಕೈಗೆ ಎಟುಕುವಂಥದ್ದಲ್ಲ. ನೀರಿನ ಪಾಳಿ ಹಿರಿಯರ ಕಾಲದ ಮಾತು, ನಡೆದುಕೊಂಡು ಬಂದಿದೆ ಅಂದ.

"ಮಾತೂ ಹೌದು, ಅಂಜಿಕಿನೂ ಹೌದು. ಅವನ ಮ್ಯಾಲೂ ಒಂದೂರು ಐತಿ. ಆಂವ ನಿನ್ನ ನೀರು ತಿಂದ್ರ, ನಾಳಿ ಅವರು ಅವನ ನೀರು ತಿಂತಾರ. ದೇಶಾನೂ ಹಂಗ ಗಾಳೆಪ್ಪ. ಎಷ್ಟ ದೊಡ್ಡದಿರ್ಲಿ, ಒಂದಲ್ಲ ಒಂದು ಕಾಲುವಿ ಬಾಲದಾಗ ಇರ್ತೈತಿ. ಸರಕಾರ ಮಾತು ಕೊಟ್ಟೈತಿ, ಆ ಮಾತಿಗೆ ನಡಿಯಾಕ ಕಾಲಿಲ್ಲ. ನಿನ್ನ ಕಾಲೇ ಅದರ ಕಾಲು."

ಗಾಳೆಪ್ಪ ಚೀಲದ ಬಾಯಿ ಬಿಚ್ಚಿದ. ಆಮೇಲೆ ಲಕೋಟೆಯನ್ನು ಚೀಲದ ಎಲ್ಲ ಕಾಗದಗಳ ಮೇಲಿಟ್ಟುಕೊಂಡ.

"ನಡಿಯಕ್ಕ, ನಿನ್ನ ಬಾಯಿಗೆ ತೂಬ ಇಲ್ಲ."

ಅಂದು ಗೆಜ್ಜೆ ಕೇಳಿದರೂ ಸರ್ವರಬಿ ಬಾಗಿಲಿಗೆ ಬರಲಿಲ್ಲ. ಚಾಪೆಯ ಮೇಲೆ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಅಂಗಳದಲ್ಲಿ ಚಾಂದಸಾಬ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹೆಸರು ಓದಿ, ಲಕೋಟೆ ಒಡೆದು ಕಾಗದದ ಮೇಲೆ ಕಣ್ಣಾಡಿಸಿ ಕೂಗಿದ.

"ಸರ್ವರಬಿ, ನಿನಗ ಬಂದೈತವ್ವ. ನಬೀಸಾಬ ಜಿದ್ದಾ ಮುಟ್ಟಿ ಆರಾಮ ಅದಾನ. ಎಮ್ಮಿ ಈದೈತೇನು ಅಂತ ಕೇಳ್ಯಾನ."

ಮದಾರಬೀ ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಗಾಳೆಪ್ಪ ಆಚೆ ತಿರುಗಿ, ಸುಮ್ಮಸುಮ್ಮನೆ ಕೋಲಿನ ಗೆಜ್ಜೆ ಒರೆಸುತ್ತ ನಿಂತ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಆ ಗೆಜ್ಜೆಯ ಸದ್ದು ಈಗಿಲ್ಲ. ಟಪಾಲಿನ ಆ ಒಪ್ಪಂದ ಇಂದಿಗೂ ಇದೆ. ಅಂಥವು ಇನ್ನೂ ಎಷ್ಟೋ ಇವೆ: ಯುದ್ಧದಲ್ಲಿ ಗಾಯಗೊಂಡವರದು, ಸೆರೆಯಾಳುಗಳದು, ಕಡಲಿನದು. ದೇಶಗಳ ತಲೆಯ ಮೇಲೆ ಕೋಲು ಹಿಡಿದು ನಿಂತ ಪೊಲೀಸನಿಲ್ಲ, ಕೊಟ್ಟ ಮಾತೇ ಕಾವಲು. ನಮ್ಮ ದೇಶ ಸಹಿ ಹಾಕಿದ ಮಾತನ್ನು ಉಳಿಸಿಕೊಂಡಿದೆಯೇ ಎಂದು ವೋಟು ಕೇಳಲು ಬಂದವರನ್ನು ತಪ್ಪದೆ ಕೇಳಿ. ಕೇಳುವ ಪಾಳಿ ನಮ್ಮದು.

ಅತ್ತ ಚಾಪೆಯ ಮೇಲೆ ಹೊನ್ನೂರಮ್ಮ ಬಳೆಯ ಗಂಟು ಬಿಚ್ಚಿದಳು. ಸರ್ವರಬಿಯ ಕೈಯನ್ನು ಮೆಲ್ಲಗೆ ಅಮುಕಿ ಒಂದೊಂದೇ ಏರಿಸಿದಳು. ಕೊನೆಯ ಹಸಿರು ಬಳೆ ಮಣಿಕಟ್ಟು ದಾಟಿ ಉಳಿದವುಗಳಿಗೆ ತಾಗಿ ಘಲ್ಲೆಂದಿತು.